ಕುಟುಂಬದ ಫೌಂಡೇಶನ್‌ಗಳಿಂದ ಗ್ರಾಂಟ್ ಕೇಳುವುದು ಹೇಗೆ? ಸಣ್ಣ ಸಂಘ ನಡೆಸುವವರು ದಯವಿಟ್ಟು ತಿಳಿಸಿ

ವರದಾ_ತೀರ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯಲ್ಲಿ ನಮ್ಮದೊಂದು ಸಣ್ಣ ಸಂಘ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿ ಆಗಿದೆ. 12 ಹಳ್ಳಿಗಳಲ್ಲಿ ಸಂಜೆ ಹೊತ್ತು ಮಕ್ಕಳ ಓದುಮನೆ ನಡೆಸುತ್ತೇವೆ. ಒಟ್ಟು 480 ಮಕ್ಕಳು ಬರುತ್ತಾರೆ. ಇಲ್ಲಿಯವರೆಗೆ ಊರವರ ದೇಣಿಗೆ, ಹಳೆ ವಿದ್ಯಾರ್ಥಿಗಳು ಕಳಿಸುವ ಹಣ, ಇದರಲ್ಲೇ ನಡೆದಿದೆ. ಈಗ ಮೂವರು ಕಾರ್ಯಕರ್ತೆಯರಿಗೆ ತಿಂಗಳ ಸಂಬಳ ಹೊಂದಿಸುವುದೇ ಕಷ್ಟವಾಗಿದೆ.

ಬೆಂಗಳೂರಿನ ಒಂದು ಕುಟುಂಬದ ಫೌಂಡೇಶನ್ ಶಿಕ್ಷಣದ ಕೆಲಸಕ್ಕೆ ಹಣ ಕೊಡುತ್ತದೆ ಅಂತ ಗೊತ್ತಾಯಿತು. ಮೊದಲ ಪತ್ರದಲ್ಲಿ ಏನು ಬರೆಯಬೇಕು? ಇಂಗ್ಲಿಷ್‌ನಲ್ಲೇ ಬರೆಯಬೇಕಾ? ಏನೇನು ಕಾಗದ ಬೇಕು? ₹6 ಲಕ್ಷ ಕೇಳೋಣ ಅಂದುಕೊಂಡಿದ್ದೇವೆ: ಪುಸ್ತಕ, ಕಪಾಟು, ತರಬೇತಿ, ಒಂದು ಓದುವ ಹಬ್ಬ. ಸಂಬಳಕ್ಕೆ ಕೇಳಿದರೆ ಕೊಡಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜಾನಾ?

ಗ್ರಾಂಟ್_ಮೇಜು

ಅಕ್ಕ, ನಾನು ಒಂದು ಕುಟುಂಬದ ಫೌಂಡೇಶನ್‌ನಲ್ಲಿ ಹಲವು ವರ್ಷ ಅರ್ಜಿ ಓದುವ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅದು ಯಾರ ದುಡ್ಡು ಅಂತ ತಿಳಿದುಕೊಳ್ಳಿ. ಕಂಪನಿಯ ಸಿಎಸ್‌ಆರ್ ಬೇರೆ, ಕುಟುಂಬದ ಫೌಂಡೇಶನ್ ಬೇರೆ. ಸಿಎಸ್‌ಆರ್ ಅಂದರೆ ದೊಡ್ಡ ಕಂಪನಿಗಳು ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಖರ್ಚು ಮಾಡಲೇಬೇಕಾದ ಹಣ. ಅದಕ್ಕೆ ವರ್ಷದ ಗಡುವು ಇರುತ್ತದೆ. ಕಂಪನಿ ಕೆಲಸ ಮಾಡುವ ಸುತ್ತಮುತ್ತಲ ಊರಿಗೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆಯಲ್ಲೇ ಇದೆ. ಕುಟುಂಬದ ಫೌಂಡೇಶನ್‌ಗೆ ಹಾಗಲ್ಲ. ಹಣ ಆ ಮನೆಯವರ ಸ್ವಂತದ್ದು. ಯಾವ ವಿಷಯದಲ್ಲಿ ಅವರಿಗೆ ಕಾಳಜಿ ಇದೆಯೋ ಅದಕ್ಕೆ ಕೊಡುತ್ತಾರೆ, ಬೇಕಾದರೆ ಐದು ವರ್ಷಕ್ಕೂ ಕೊಡುತ್ತಾರೆ.

ಹೆಸರು ನೋಡಿ ತೀರ್ಮಾನ ಮಾಡಬೇಡಿ. ಇನ್ಫೋಸಿಸ್ ಫೌಂಡೇಶನ್ ಕಂಪನಿಯದು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಅನ್ನು ವಿಪ್ರೊದವರದು ಅಂತ ಜನ ಹೇಳುತ್ತಾರೆ, ಆದರೆ ಅದು ಪ್ರೇಮ್‌ಜಿಯವರು ಸ್ವಂತ ಷೇರು ಕೊಟ್ಟು ಕಟ್ಟಿದ್ದು. 2019ರ ಹೊತ್ತಿಗೆ ವಿಪ್ರೊದ ಶೇ. 67ರಷ್ಟು ಷೇರಿನ ಆದಾಯ ಆ ಕೆಲಸಕ್ಕೆ ಮೀಸಲಾಗಿತ್ತು. ಅವರು ಯಾದಗಿರಿಯಂಥ ಜಿಲ್ಲೆಗಳಲ್ಲಿ ಸರ್ಕಾರಿ ಶಾಲೆ ಶಿಕ್ಷಕರ ಜೊತೆ ತಾವೇ ಕೆಲಸ ಮಾಡುತ್ತಾರೆ, ಬೇರೆ ಸಂಸ್ಥೆಗಳಿಗೆ ಗ್ರಾಂಟನ್ನೂ ಕೊಡುತ್ತಾರೆ. ಅರ್ಘ್ಯಂ ರೋಹಿಣಿ ನಿಲೇಕಣಿಯವರ ಹಣದಿಂದ ನಡೆಯುವ ಸಂಸ್ಥೆ, ಅದರ ಕೆಲಸ ನೀರಿನದು. ಅಲ್ಲಿಗೆ ಓದುಮನೆ ಅರ್ಜಿ ಕಳಿಸಿ ಪ್ರಯೋಜನವಿಲ್ಲ. ಅವರದೇ ಇನ್ನೊಂದು ಸಂಸ್ಥೆ, ರೋಹಿಣಿ ನಿಲೇಕಣಿ ಫಿಲಾಂತ್ರಪೀಸ್, ಪರಿಸರ, ನ್ಯಾಯ, ಲಿಂಗ ಸಮಾನತೆಯಂಥ ವಿಷಯಗಳಿಗೆ ಕೊಡುತ್ತದೆ. ನಿಮಗೆ ಹತ್ತಿರದ ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್ ಇದೆ. ಗುರುರಾಜ ಮತ್ತು ಜಯಶ್ರೀ ದೇಶಪಾಂಡೆ ಅವರದು. ಅವರ ಒಲವು ಕೌಶಲ ತರಬೇತಿ, ಕೃಷಿ, ಉದ್ಯಮದ ಕಡೆ ಜಾಸ್ತಿ.

ನೀವು ನೋಡಿರುವ ಫೌಂಡೇಶನ್‌ನ ವಾರ್ಷಿಕ ವರದಿ ತೆಗೆದು, ಈಗಾಗಲೇ ಯಾರಿಗೆಲ್ಲ ಕೊಟ್ಟಿದ್ದಾರೆ ಅನ್ನುವ ಪಟ್ಟಿ ಓದಿ. ಅದರಲ್ಲಿ ನಿಮ್ಮ ಗಾತ್ರದ ಸಂಘ ಒಂದಾದರೂ ಇದೆಯಾ? ಇದ್ದರೆ ಅವರಿಗೆ ಫೋನ್ ಮಾಡಿ. ಕಂತು ಸರಿಯಾಗಿ ಬರುತ್ತದಾ, ವರದಿ ಎಷ್ಟು ಸಲ ಕೇಳುತ್ತಾರೆ, ಊರಿಗೆ ಬಂದು ನೋಡುತ್ತಾರಾ, ಎಲ್ಲ ಕೇಳಿ. ಸಣ್ಣ ಸಂಘದವರು ಇಂಥ ಮಾತು ಮುಚ್ಚಿಡುವುದಿಲ್ಲ. ಎಲ್ಲರೂ ಕೋಟಿ ರೂಪಾಯಿ ವ್ಯವಹಾರದ ಸಂಸ್ಥೆಗಳೇ ಆಗಿದ್ದರೆ ನಿಮ್ಮ ಸಮಯ ಅಲ್ಲಿ ಹಾಕಬೇಡಿ.

ಮೊದಲ ಪತ್ರ ಎರಡು ಪುಟ ಸಾಕು. ಯಾವ ಊರು, ಯಾವ ಮಕ್ಕಳು, ಈಗ ಏನಾಗುತ್ತಿದೆ, ನಿಮ್ಮ ಕೆಲಸದಿಂದ ಏನು ಬದಲಾಗಿದೆ, ಎಷ್ಟು ಹಣ, ಎಷ್ಟು ವರ್ಷ. "ಗ್ರಾಮೀಣ ಮಕ್ಕಳ ಸರ್ವಾಂಗೀಣ ವಿಕಾಸ" ಅನ್ನೋ ಥರದ ಸಾಲು ಬೇಡ. ಅದು ಎಲ್ಲ ಅರ್ಜಿಯಲ್ಲೂ ಇರುತ್ತದೆ, ಓದುವವರ ಕಣ್ಣು ಅದನ್ನು ದಾಟಿ ಹೋಗುತ್ತದೆ. "ಐದನೇ ತರಗತಿಗೆ ಬಂದರೂ ಒಂದು ಪುಟ ಓದಲಾಗದ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ, ಒಂದು ವರ್ಷದಲ್ಲಿ ಅವರಲ್ಲಿ ಇಷ್ಟು ಜನ ಓದುತ್ತಾರೆ" ಅಂತ ಬರೆದರೆ ನಿಂತು ಓದುತ್ತಾರೆ. ಆ ಲೆಕ್ಕ ನಿಮ್ಮ ಹತ್ತಿರ ಇದೆಯಾ?

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಇದೆ. 2020ರಿಂದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವೂ ಇದೆ. ಹಾಗಿದ್ದರೆ ನಿಮ್ಮ ಓದುಮನೆ ಯಾಕೆ ಬೇಕು? ಇದಕ್ಕೆ ಉತ್ತರ ಪತ್ರದಲ್ಲೇ ಇರಲಿ.

ಕೊಪ್ಪಳ_ಹೆಜ್ಜೆ

ಸಂಬಳದ ವಿಷಯಕ್ಕೆ ನಾನು ಹೇಳುತ್ತೇನೆ. ಅಂಗವಿಕಲರ ಸಂಘ ನಡೆಸುತ್ತೇವೆ. ನಮ್ಮ ಗ್ರಾಂಟ್‌ನಲ್ಲಿ ಮುಕ್ಕಾಲು ಪಾಲು ಸಂಬಳವೇ. ಕೇಳಿದೆವು, ಕೊಟ್ಟರು. ಯಾಕೆ ಕೊಡಬಾರದು ಹೇಳಿ? ಮನೆ ಮನೆಗೆ ಹೋಗುವ ಮನುಷ್ಯರೇ ನಮ್ಮ ಕೆಲಸ. ನಿಮ್ಮಲ್ಲೂ ಅಷ್ಟೇ ಅಲ್ವಾ? ಪುಸ್ತಕವನ್ನು ಯಾರು ಬೇಕಾದರೂ ಕೊಡಿಸಬಹುದು. ಮಗುವಿನ ಪಕ್ಕ ಕೂತು ಓದಿಸುವವಳು ಬೇಕಲ್ಲ.

ನಿಮ್ಮ ₹6 ಲಕ್ಷದಲ್ಲಿ ಕಪಾಟಿದೆ, ಹಬ್ಬ ಇದೆ, ಕಾರ್ಯಕರ್ತೆಯರೇ ಇಲ್ಲ. ಗ್ರಾಂಟ್ ಬಂದ ಮೇಲೂ ಸಂಬಳಕ್ಕೆ ಪರದಾಡುತ್ತೀರಿ, ಜೊತೆಗೆ ಹಬ್ಬದ ಕೆಲಸ ಬೇರೆ ಮೈಮೇಲೆ ಬರುತ್ತದೆ.

ಮಲ್ಲಿಗೆ_ಮೈಸೂರು

ಆದರೆ ಆಡಳಿತ ವೆಚ್ಚ ಶೇ. 5 ದಾಟಬಾರದು ಅಂತ ಕಾನೂನೇ ಇದೆಯಲ್ಲ? ನಮಗೆ ಒಂದು ಕಂಪನಿಯವರು ಹಾಗೆ ಹೇಳಿ ಬಾಡಿಗೆ, ಅಕೌಂಟೆಂಟ್ ಖರ್ಚು ಎರಡನ್ನೂ ಹೊಡೆದು ಹಾಕಿದರು.

ಲೆಕ್ಕಪತ್ರ_ತುಮಕೂರು

ಆ ಶೇ. 5 ಕಂಪನಿಯ ಮೇಲೆ ಇರುವ ಮಿತಿ, ನಿಮ್ಮ ಮೇಲೆ ಅಲ್ಲ. ಸಿಎಸ್‌ಆರ್ ವಿಭಾಗ ನಡೆಸಲು ಕಂಪನಿ ತಾನು ಮಾಡುವ ಆಡಳಿತ ಖರ್ಚು ಆ ವರ್ಷದ ಸಿಎಸ್‌ಆರ್ ವೆಚ್ಚದ ಶೇ. 5 ದಾಟಬಾರದು ಅಂತ ನಿಯಮ. ಕೆಲಸ ಮಾಡುವ ಸಂಸ್ಥೆಯ ಬಾಡಿಗೆ, ಲೆಕ್ಕದವರ ಸಂಬಳಕ್ಕೆ ಅದು ಅನ್ವಯ ಆಗುವುದಿಲ್ಲ. ತುಂಬಾ ಜನ ತಪ್ಪಾಗಿ ಓದಿ ಸಣ್ಣ ಸಂಘಗಳ ಹೊಟ್ಟೆ ಮೇಲೆ ಹೊಡೆಯುತ್ತಾರೆ, ನೋಡಿ ಬೇಜಾರಾಗುತ್ತದೆ. ಇನ್ನು ದೇಶದೊಳಗಿನ ಕುಟುಂಬದ ಫೌಂಡೇಶನ್ ಹಣಕ್ಕಂತೂ ಸಿಎಸ್‌ಆರ್ ನಿಯಮವೇ ಇಲ್ಲ. ಎಷ್ಟು ಕೊಡಬೇಕು ಅನ್ನೋದು ಅವರ ಮತ್ತು ನಿಮ್ಮ ನಡುವಿನ ಮಾತು.

ವರದಾ ಮೇಡಂ, ಕಾಗದದ ವಿಷಯ. ನೋಂದಣಿ ಪತ್ರ, ಬೈಲಾ, ಪ್ಯಾನ್, ಮೂರು ವರ್ಷದ ಆಡಿಟ್ ವರದಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ ರಸೀದಿ, ಈಗಿನ ಪದಾಧಿಕಾರಿಗಳ ಪಟ್ಟಿ, ಇಷ್ಟನ್ನು ಒಂದು ಫೈಲ್‌ನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ನೀತಿ ಆಯೋಗದ ಎನ್‌ಜಿಒ ದರ್ಪಣ್ (ಸಂಘ-ಸಂಸ್ಥೆಗಳ ಹೆಸರು ದಾಖಲಿಸುವ ಜಾಲತಾಣ) ನಂಬರ್ ಕೂಡ ಮಾಡಿಸಿ, ಅದಕ್ಕೆ ಶುಲ್ಕ ಇಲ್ಲ. ಸೊಸೈಟಿ ಆದ್ದರಿಂದ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಪ್ರತಿ ವರ್ಷದ ಪಟ್ಟಿ, ಲೆಕ್ಕಪತ್ರ ಸಲ್ಲಿಕೆ ಆಗಿರಬೇಕು. ನಾವೆಲ್ಲ "ನವೀಕರಣ" ಅನ್ನುತ್ತೇವಲ್ಲ, ಅದು. ತಾಲೂಕು ಮಟ್ಟದ ಸಂಘಗಳು ಅಲ್ಲೇ ಸಿಕ್ಕಿಬೀಳುವುದು ಜಾಸ್ತಿ.

12ಎಬಿ ನೋಂದಣಿ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವಂಥದ್ದು) ಇಲ್ಲದಿದ್ದರೆ ಹೆಚ್ಚಿನ ಫೌಂಡೇಶನ್‌ಗಳು ಮಾತು ಮುಂದುವರಿಸುವುದಿಲ್ಲ. ತಾತ್ಕಾಲಿಕ ನೋಂದಣಿ ಮೂರು ವರ್ಷ, ಆಮೇಲಿನದು ಐದು ವರ್ಷ. ವರ್ಷಕ್ಕೆ ₹5 ಕೋಟಿ ಒಳಗೆ ಆದಾಯ ಇರುವ ಸಂಸ್ಥೆಗಳಿಗೆ 2025ರ ಹಣಕಾಸು ಕಾಯ್ದೆಯಿಂದ ಹತ್ತು ವರ್ಷದ ಅವಕಾಶ ಬಂದಿದೆ. ನಿಮ್ಮ ಪತ್ರದಲ್ಲಿ ಯಾವ ತಾರೀಖಿನವರೆಗೆ ಅಂತ ಇದೆಯೋ ನೋಡಿಕೊಳ್ಳಿ. ಹೊಸ ಆದಾಯ ತೆರಿಗೆ ಕಾಯ್ದೆ 1 ಏಪ್ರಿಲ್ 2026ರಿಂದ ಜಾರಿ. ಅದರಲ್ಲಿ ಕಲಂಗಳ ನಂಬರ್ ಬೇರೆ, ಹಾಗಾಗಿ ಹಳೆ ನಂಬರ್ ಹಿಡಿದು ಗಾಬರಿ ಆಗಬೇಡಿ, ನಿಮ್ಮ ಆಡಿಟರ್ ಹತ್ತಿರ ಕೇಳಿ.

80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ, ಅದರ ಬಗ್ಗೆಯೂ ಗೊಂದಲ ಇರುತ್ತದೆ. ಟ್ರಸ್ಟ್‌ನಿಂದ ಟ್ರಸ್ಟ್‌ಗೆ ಹಣ ಬರುವಾಗ ಅದು ಮುಖ್ಯ ಅಲ್ಲ. ಆ ಕುಟುಂಬದ ಒಬ್ಬರು ಸ್ವಂತ ಖಾತೆಯಿಂದ ಕೊಟ್ಟರೆ ಆಗ ಬೇಕು. ಅದೂ ಅವರು ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ ಲಾಭ.

ಮೂಲಧನ, ಅಂದರೆ ಕಾರ್ಪಸ್, ಅಂತ ಫೌಂಡೇಶನ್ ಹತ್ತಿರ ಕೇಳಬೇಡಿ. ಒಂದು ಟ್ರಸ್ಟ್ ಇನ್ನೊಂದಕ್ಕೆ ₹100 ಕೊಟ್ಟರೆ 2023ರ ಬದಲಾವಣೆ ಆದ ಮೇಲೆ ಕೊಟ್ಟವರ ಲೆಕ್ಕದಲ್ಲಿ ₹85 ಮಾತ್ರ ಧರ್ಮಕಾರ್ಯದ ಖರ್ಚು ಅಂತ ಆಗುತ್ತದೆ. ಕಾರ್ಪಸ್ ಅಂತ ಕೊಟ್ಟರೆ ಅಷ್ಟೂ ಆಗುವುದಿಲ್ಲ. ಅವರಿಗೆ ಮನಸ್ಸಿದ್ದರೂ ಅವರ ಆಡಿಟರ್ ಬೇಡ ಅನ್ನುತ್ತಾರೆ.

ಧಾರವಾಡ_ಮೇಷ್ಟ್ರು

ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. ತಂಗಿ, ಮೊದಲು ಕನ್ನಡದಲ್ಲೇ ಬರೆಯಿರಿ. ನಿಮ್ಮ ಕಾರ್ಯಕರ್ತೆಯರು ಕೂತು ಓದಿ, "ಹೌದು, ನಾವು ಮಾಡೋದು ಇದೇ" ಅನ್ನಬೇಕು. ಆಮೇಲೆ ಇಂಗ್ಲಿಷ್ ಮಾಡಿಸಿ. ನಾನು ಒಂದು ಸಂಸ್ಥೆಯ ಮಂಡಳಿಯಲ್ಲಿದ್ದೇನೆ. ಪೇಟೆಯಲ್ಲಿ ಯಾರೋ ಇಂಗ್ಲಿಷ್‌ನಲ್ಲಿ ಬರೆದುಕೊಟ್ಟ ಅರ್ಜಿಗೆ ಹಣ ಬಂದು, ಅದರಲ್ಲಿ ಏನು ಒಪ್ಪಿಕೊಂಡಿದ್ದಾರೆ ಅಂತ ಕೆಲಸ ಮಾಡುವವರಿಗೇ ತಿಳಿಯದ ಪರಿಸ್ಥಿತಿ ಕಂಡಿದ್ದೇನೆ.

ದೊಡ್ಡ ಮನೆತನದ ಆಸ್ತಿ ಮಕ್ಕಳ ಓದಿಗೆ ಬರುವುದು ನಮ್ಮ ಕಡೆ ಹೊಸದೇನಲ್ಲ. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಆ ಟ್ರಸ್ಟ್‌ನ ಶಿಷ್ಯವೇತನದಲ್ಲಿ ಓದಿದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಬಹಳ ಜನ. ಆ ಹಣ ಕೇಳಲು ಯಾರೂ ನಾಚಿಕೊಳ್ಳಲಿಲ್ಲ. ನೀವೂ ಕೈಕಟ್ಟಿ ನಿಂತು ಕೇಳಬೇಕಿಲ್ಲ. ಅವರ ಹತ್ತಿರ ಹಣ ಇದೆ, ನಿಮ್ಮ ಹತ್ತಿರ ಕೆಲಸ ಇದೆ.

ಗ್ರಾಂಟ್_ಮೇಜು

ಮೇಷ್ಟ್ರು ಹೇಳಿದ್ದು ಸರಿ. ಕರ್ನಾಟಕದಲ್ಲೇ ಕೆಲಸ ಮಾಡುವ ಫೌಂಡೇಶನ್‌ಗಳಲ್ಲಿ ಕನ್ನಡ ಓದುವ ಸಿಬ್ಬಂದಿ ಇರುತ್ತಾರೆ. ಮೊದಲ ಮಾತು ಫೋನ್‌ನಲ್ಲಿ ಕನ್ನಡದಲ್ಲೇ ಆಗಬಹುದು. ಆದರೆ ಟ್ರಸ್ಟಿಗಳ ಮುಂದೆ ಹೋಗುವ ಪ್ರತಿ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ಇರಬೇಕಾಗುತ್ತದೆ. ಸರಳ ಇಂಗ್ಲಿಷ್ ಸಾಕು. ವ್ಯಾಕರಣ ನೋಡಿ ಯಾರೂ ಅರ್ಜಿ ತಿರಸ್ಕರಿಸಬಾರದು, ಹಾಗೆ ತಿರಸ್ಕರಿಸುವವರ ಹಣ ನಿಮಗೆ ಒಗ್ಗುವುದೂ ಇಲ್ಲ.

ತುಂಗೆಯ_ದಡ

ಇಷ್ಟು ಒಳ್ಳೆಯ ಮಾತಿನ ನಡುವೆ ಒಂದು ಎಚ್ಚರಿಕೆ. ನಮಗೊಂದು ಫೌಂಡೇಶನ್ ಗ್ರಾಂಟ್ ಕೊಟ್ಟಿತು, ಹೆಸರು ಬೇಡ. ಮೊದಲ ವರ್ಷ ಚೆನ್ನಾಗಿತ್ತು. ಎರಡನೇ ವರ್ಷ "ಹಳ್ಳಿಗಳ ಸಂಖ್ಯೆ ಮೂರು ಪಟ್ಟು ಮಾಡಿ" ಅಂದರು. ಹಣ ಮಾತ್ರ ಅಷ್ಟೇ. ಒಪ್ಪಿಕೊಂಡೆವು. ಒಬ್ಬೊಬ್ಬ ಕಾರ್ಯಕರ್ತೆ ದಿನವಿಡೀ ಬಸ್ಸಿನಲ್ಲೇ ಕಳೆಯುವ ಹಾಗಾಯಿತು. ಇಬ್ಬರು ಒಳ್ಳೆಯ ಹುಡುಗಿಯರು ಕೆಲಸ ಬಿಟ್ಟರು. ಮೂರನೇ ವರ್ಷ ಅವರ ಆದ್ಯತೆ ಬದಲಾಯಿತು, ಗ್ರಾಂಟ್ ನಿಂತಿತು. ಹಳ್ಳಿಯವರಿಗೆ ಉತ್ತರ ಕೊಡಬೇಕಾದವರು ನಾವು.

ಕುಟುಂಬದ ಹಣಕ್ಕೆ ಗಡುವಿನ ಒತ್ತಡ ಇಲ್ಲ ಅನ್ನೋದು ನಿಜ. ಆದರೆ ಮನೆಯವರ ಮನಸ್ಸು ಬದಲಾದರೆ ಕೇಳುವವರೂ ಇಲ್ಲ.

ಗ್ರಾಂಟ್_ಮೇಜು

ಓದಿ ನೋವಾಯಿತು. ಇದು ನಡೆಯುತ್ತದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಣ್ಣ ಸಂಘಕ್ಕೆ ಎರಡು ರಕ್ಷಣೆ ಇವೆ. ಒಂದು, ಒಪ್ಪಂದದಲ್ಲೇ ಹಳ್ಳಿಗಳ ಸಂಖ್ಯೆ, ಮಕ್ಕಳ ಸಂಖ್ಯೆ, ಒಬ್ಬ ಕಾರ್ಯಕರ್ತೆಗೆ ಎಷ್ಟು ಹಳ್ಳಿ ಅನ್ನೋದನ್ನು ಬರೆಸುವುದು, ನಿಲ್ಲಿಸುವುದಾದರೆ ಆರು ತಿಂಗಳ ಮುಂಚೆ ತಿಳಿಸಬೇಕು ಅಂತ ಕೇಳುವುದು. ಎಷ್ಟೋ ಫೌಂಡೇಶನ್‌ಗಳು ಇದಕ್ಕೆ ಒಪ್ಪುತ್ತವೆ, ಕೇಳುವವರು ಕಡಿಮೆ. ಎರಡು, ಊರಿನ ದೇಣಿಗೆಯನ್ನು ಗ್ರಾಂಟ್ ಬಂತು ಅಂತ ಬಿಡಬಾರದು. "ನಾವು ನಿಲ್ಲಿಸಿದ ಮೇಲೆ ಏನು ಮಾಡುತ್ತೀರಿ?" ಅಂತ ಅವರು ಕೇಳೇ ಕೇಳುತ್ತಾರೆ. ಹಳೆ ವಿದ್ಯಾರ್ಥಿಗಳು ಈಗಲೂ ಕಳಿಸುತ್ತಿದ್ದಾರೆ ಅನ್ನೋದೇ ಒಳ್ಳೆಯ ಉತ್ತರ.

ಹೆಚ್ಚು ಮಾಡಿ ಅಂದಾಗ "ಇಷ್ಟು ಹಣಕ್ಕೆ ಇಷ್ಟೇ ಹಳ್ಳಿ, ಇನ್ನೊಂದು ಹಳ್ಳಿಗೆ ಇಷ್ಟು ಬೇಕು" ಅಂತ ಲೆಕ್ಕ ಮುಂದಿಡಿ. ಅದಕ್ಕೆ ನಿಮ್ಮ ನಿಜವಾದ ಖರ್ಚು ನಿಮಗೆ ಗೊತ್ತಿರಬೇಕು. ವರದಾ ಅಕ್ಕ, ನಿಮ್ಮದು ಪೂರ್ತಿ ವರ್ಷಕ್ಕೆ ಎಷ್ಟಾಗುತ್ತದೆ? ಈಗ ಪುಕ್ಕಟೆ ಸಿಗುತ್ತಿರುವುದನ್ನೂ ಸೇರಿಸಿ ಹೇಳಿ.

ಎಡಿಸನ್_ಕನ್ನಡಿಗ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಕೂಟದ ಕೆಲವರು ಸೇರಿ ಇಂಥ ಓದುಮನೆಗೆ ಸಹಾಯ ಮಾಡಬೇಕು ಅಂತ ಬಹಳ ದಿನದಿಂದ ಮಾತಾಡುತ್ತಿದ್ದೇವೆ. ಇಲ್ಲಿ ಒಬ್ಬರ ಹತ್ತಿರ ಸಣ್ಣ ಕುಟುಂಬ ಫೌಂಡೇಶನ್ ಕೂಡ ಇದೆ. ಇಲ್ಲಿನ ಕಾನೂನಿನಂತೆ ಅಂಥ ಫೌಂಡೇಶನ್ ತನ್ನ ಆಸ್ತಿಯ ಸುಮಾರು ಶೇ. 5ರಷ್ಟನ್ನು ಪ್ರತಿ ವರ್ಷ ಕೊಡಲೇಬೇಕು. ಯಾರಿಗೆ ಎಷ್ಟು ಕೊಟ್ಟರು ಅನ್ನೋದು 990-ಪಿಎಫ್ ಎಂಬ ರಿಟರ್ನ್‌ನಲ್ಲಿ ಇರುತ್ತದೆ, ಅದು ಎಲ್ಲರಿಗೂ ಸಿಗುತ್ತದೆ. ನೇರವಾಗಿ ಹಾವೇರಿಗೆ ಕಳಿಸಬಹುದಾ?

ಲೆಕ್ಕಪತ್ರ_ತುಮಕೂರು

ಫೌಂಡೇಶನ್ ಹಣವನ್ನು ಹಾಗೆ ನೇರ ಕಳಿಸುವಂತಿಲ್ಲ ಸರ್. ಅಮೆರಿಕದ ಫೌಂಡೇಶನ್ ಅಂದರೆ ವಿದೇಶಿ ಮೂಲ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಂಘ ಅದನ್ನು ಮುಟ್ಟಬಾರದು. ನೋಂದಣಿಗೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ₹15 ಲಕ್ಷ ತನ್ನ ಕೆಲಸಕ್ಕೆ ಖರ್ಚು ಮಾಡಿರಬೇಕು. ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯಿಂದ ಆಡಳಿತ ವೆಚ್ಚ ಶೇ. 20 ದಾಟುವಂತಿಲ್ಲ. ಎಫ್‌ಸಿಆರ್‌ಎ ಇರುವ ಬೇರೆ ಸಂಸ್ಥೆಗೆ ಕಳಿಸಿ ಅವರ ಮೂಲಕ ಹಾವೇರಿಗೆ ಕೊಡಿಸುವುದೂ ಆಗ ನಿಂತುಹೋಯಿತು. ಯಾರಾದರೂ ಹಾಗೆ ಮಾಡಿಕೊಡುತ್ತೇವೆ ಅಂದರೆ ನಂಬಬೇಡಿ.

ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರರಾಗಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇರುವವರು ಕೊಟ್ಟರೆ ವಿದೇಶಿ ದೇಣಿಗೆಯೇ. ಸಂಘದವರು ಕೊಡುವವರ ಪಾಸ್‌ಪೋರ್ಟ್ ಪ್ರತಿ ತೆಗೆದಿಟ್ಟುಕೊಳ್ಳಬೇಕು.

ಎಡಿಸನ್_ಕನ್ನಡಿಗ

ತುಂಬಾ ಉಪಕಾರ ಆಯಿತು. ಪಾಸ್‌ಪೋರ್ಟ್ ಇರುವವರು ನಮ್ಮಲ್ಲಿ ಹಲವರಿದ್ದಾರೆ. ಅವರಿಂದ ಶುರು ಮಾಡುತ್ತೇವೆ. ವರದಾ ಅವರಿಗೆ ಬೇರೆಯಾಗಿ ಬರೆಯುತ್ತೇನೆ.

ವರದಾ_ತೀರ

ಎಲ್ಲರಿಗೂ ಧನ್ಯವಾದ. ಕಾರ್ಯಕರ್ತೆಯರ ಜೊತೆ ಕೂತು ಲೆಕ್ಕ ಹಾಕಿದೆವು. ಮೂವರಿಗೆ ತಿಂಗಳಿಗೆ ₹15,000ದಂತೆ ವರ್ಷಕ್ಕೆ ₹5,40,000. ಪುಸ್ತಕ, ಕಾಗದ, ಬಣ್ಣ ₹1,20,000. ಓಡಾಟ ₹72,000. ಕಚೇರಿ ಬಾಡಿಗೆ ₹60,000. ಲೆಕ್ಕ ಬರೆಯುವವರು ಮತ್ತು ಆಡಿಟ್ ₹60,000. ಒಟ್ಟು ₹8,52,000. ಹಬ್ಬ ಕೈಬಿಟ್ಟೆವು. ಕಪಾಟುಗಳನ್ನು ಊರವರೇ ಮಾಡಿಸಿಕೊಡುತ್ತೇವೆ ಅಂದಿದ್ದಾರೆ.

ಅರಿವು ಕೇಂದ್ರದ ಪ್ರಶ್ನೆಗೆ ಹೀಗೆ ಬರೆದಿದ್ದೇವೆ: "ಅರಿವು ಕೇಂದ್ರ ಪಂಚಾಯಿತಿ ಇರುವ ಊರಿನಲ್ಲಿದೆ. ನಮ್ಮ 12ರಲ್ಲಿ 9 ಹಳ್ಳಿಗಳು ಅಲ್ಲಿಂದ ದೂರ ಇವೆ, ಸಂಜೆ ಸಣ್ಣ ಮಕ್ಕಳು ನಡೆದು ಹೋಗಲಾರರು. ಅಲ್ಲಿಂದ ಪುಸ್ತಕ ತಂದು ಓದಿಸಿ ಮರಳಿಸುತ್ತೇವೆ. ಅಲ್ಲಿನ ಮೇಲ್ವಿಚಾರಕರು ನಮ್ಮ ತಿಂಗಳ ಸಭೆಗೆ ಬರುತ್ತಾರೆ." ಸರಿ ಇದೆಯಾ?

ಓದುವ ಲೆಕ್ಕವೂ ಇದೆ. ಪ್ರತಿ ಮಗುವಿಗೆ ಜೂನ್‌ನಲ್ಲಿ ಮತ್ತು ಮಾರ್ಚ್‌ನಲ್ಲಿ ಒಂದೇ ಪುಟ ಓದಿಸಿ ವಹಿಯಲ್ಲಿ ಬರೆದಿಡುತ್ತೇವೆ.

ಕೊಪ್ಪಳ_ಹೆಜ್ಜೆ

ಲೆಕ್ಕದಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಅಕ್ಕ? ಇಡೀ ಕೆಲಸ ನೋಡಿಕೊಳ್ಳುವವರು ನೀವು. ಸಂಯೋಜಕಿ ಅಂತ ತಿಂಗಳಿಗೆ ₹22,000 ಹಾಕಿ, ವರ್ಷಕ್ಕೆ ₹2,64,000. ಆಗ ₹11,16,000 ಆಗುತ್ತದೆ. 480 ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ ವರ್ಷಕ್ಕೆ ₹2,325. ಇದನ್ನು ಯಾವ ಟ್ರಸ್ಟಿಯ ಮುಂದೆ ಬೇಕಾದರೂ ತಲೆ ಎತ್ತಿ ಹೇಳಬಹುದು. ನಾಳೆ ನಿಮಗೆ ಆಗದಿದ್ದರೆ ಪುಕ್ಕಟೆ ದುಡಿಯುವ ಇನ್ನೊಬ್ಬರು ಸಿಗುವುದಿಲ್ಲ, ಓದುಮನೆ ನಿಲ್ಲುತ್ತದೆ.

ಕಾರ್ಯಕರ್ತೆಯರ ₹15,000 ಕನಿಷ್ಠ ವೇತನದ ಅಧಿಸೂಚನೆಗೆ ಹೊಂದುತ್ತದಾ ಅಂತ ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಕಡಿಮೆ ಇದ್ದರೆ ಈಗಲೇ ಏರಿಸಿ ಕೇಳಿ. ಮೂರು ವರ್ಷಕ್ಕೆ ಕೇಳುವುದಾದರೆ ವರ್ಷ ವರ್ಷದ ಏರಿಕೆಯನ್ನೂ ಹಾಕಿ.

ವರದಾ_ತೀರ

ನಾನು ಕಾರ್ಯದರ್ಶಿ. ಪದಾಧಿಕಾರಿ ಸಂಬಳ ತೆಗೆದುಕೊಳ್ಳಬಹುದಾ? ಊರಲ್ಲಿ ಮಾತು ಬರುತ್ತದೆ ಅನ್ನೋ ಅಳುಕು ಇದೆ. ಇನ್ನೊಂದು ಪ್ರಶ್ನೆ, ಮೊದಲ ಕಂತು ಮಾರ್ಚ್ ಕೊನೆಗೆ ಬರಬಹುದು ಅಂತ ಫೋನ್‌ನಲ್ಲಿ ಹೇಳಿದರು. ಅಷ್ಟರೊಳಗೆ ಖರ್ಚು ಮಾಡಲು ಆಗುವುದಿಲ್ಲ.

ಲೆಕ್ಕಪತ್ರ_ತುಮಕೂರು

ಮಾಡುವ ಕೆಲಸಕ್ಕೆ ತಕ್ಕ ಸಂಬಳಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅಡ್ಡಿ ಇಲ್ಲ. ಮಿತಿಮೀರಿ ಕೊಟ್ಟರೆ ಮಾತ್ರ ತೊಂದರೆ. ಆದರೆ ಮೊದಲು ಬೈಲಾ ತೆಗೆದು ನೋಡಿ. ಪದಾಧಿಕಾರಿಗಳು ಸಂಭಾವನೆ ಪಡೆಯಬಾರದು ಅಂತ ಎಷ್ಟೋ ಬೈಲಾಗಳಲ್ಲಿ ಇರುತ್ತದೆ. ಹಾಗಿದ್ದರೆ ನೀವು ಕಾರ್ಯದರ್ಶಿ ಸ್ಥಾನ ಬಿಟ್ಟು ಸಂಯೋಜಕಿ ಆಗುವುದು ಒಳ್ಳೆಯದು. ಅಡ್ಡಿ ಇಲ್ಲದಿದ್ದರೆ ಮಂಡಳಿಯ ಸಭೆಯಲ್ಲಿ ಠರಾವು ಮಾಡಿಸಿ. ಆ ವಿಷಯ ಚರ್ಚೆಗೆ ಬಂದಾಗ ನೀವು ಹೊರಗೆ ಹೋದಿರಿ ಅಂತ ನಡಾವಳಿಯಲ್ಲಿ ಬರೆಸಿ. ಫೌಂಡೇಶನ್‌ಗೂ ಮೊದಲೇ ತಿಳಿಸಿ. ಊರಿನ ಸರ್ವ ಸದಸ್ಯರ ಸಭೆಯಲ್ಲಿ ಸಂಬಳದ ಮೊತ್ತ ಓದಿ ಹೇಳಿ, ಅಳುಕು ಅಲ್ಲೇ ಕಡಿಮೆ ಆಗುತ್ತದೆ.

ಮಾರ್ಚ್ ಕಂತಿನ ಬಗ್ಗೆ: ವರ್ಷದ ಆದಾಯದ ಶೇ. 85ನ್ನು ಅದೇ ವರ್ಷ ಖರ್ಚು ಮಾಡಬೇಕು ಅನ್ನೋದು ನಿಯಮ. ತಡವಾಗಿ ಬಂದ ಹಣವನ್ನು ಮುಂದಿನ ವರ್ಷ ಖರ್ಚು ಮಾಡುತ್ತೇವೆ ಅಂತ ಇಲಾಖೆಗೆ ತಿಳಿಸುವ ಫಾರಂ ಇದೆ. 1961ರ ಕಾಯ್ದೆಯಲ್ಲಿ ಅದು 9ಎ. ಗಡುವಿನೊಳಗೆ ಹಾಕಲೇಬೇಕು. ಅದಕ್ಕಿಂತ ಸುಲಭ ಅಂದರೆ ಏಪ್ರಿಲ್ ಮೊದಲ ವಾರ ಕಳಿಸಿ ಅಂತ ಫೌಂಡೇಶನ್‌ನವರಿಗೆ ಈಗಲೇ ಒಂದು ಇಮೇಲ್ ಬರೆಯುವುದು. ಅವರ ಕಡೆಯ ಲೆಕ್ಕಕ್ಕೆ ಮಾರ್ಚ್‌ನಲ್ಲೇ ಕೊಡಬೇಕಾಗಿದ್ದರೆ ಅವರೇ ಹೇಳುತ್ತಾರೆ, ಆಗ ಫಾರಂ ಹಾಕಿದರಾಯಿತು.